ನಲವತ್ತಮೂರು ಮಂದಿಯ ಒಂದು ಮನೆ

೧೪ ಜೂನ್ ೧೯೮೨, ಮಾನ್ವಿ

ಇದು ಅರ್ಜಿಯಲ್ಲ. ಮೊದಲೇ ಬರೆದಿಡುತ್ತೇನೆ, ಯಾಕೆಂದರೆ ಪೆನ್ನು ಹಿಡಿದ ಕೂಡಲೇ ನನ್ನ ಕೈ ತಾನಾಗಿಯೇ ‘ಮಾನ್ಯರಲ್ಲಿ ವಿನಂತಿ’ ಅಂತ ಶುರು ಮಾಡುತ್ತದೆ. ಮೂರು ವಾರದಲ್ಲಿ ಹನ್ನೆರಡು ಅರ್ಜಿ ಬರೆದಿದ್ದೇನೆ. ಜಾಲಿಗುಂಡದ ಪೀರ್ ಓಣಿಯಲ್ಲಿ ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ಹೆಂಗಸು ನಾನೊಬ್ಬಳೇ. ಹಾಗಾಗಿ ಎಲ್ಲರ ಸಂಕಟಕ್ಕೂ ನನ್ನದೇ ಅಕ್ಷರ. ಈ ಪುಸ್ತಕದಲ್ಲಿ ಯಾರಿಗೂ ಕೈಮುಗಿಯಬೇಕಾಗಿಲ್ಲ, ಮನಸ್ಸು ಬಂದಂತೆ ಬಯ್ಯಬಹುದು.

ಇವತ್ತು ದೇವದುರ್ಗದಲ್ಲಿ ಪಟ್ಟಿ ಹಚ್ಚಿದರು. ನಮ್ಮ ಊರನ್ನು ಕೆರೆಗೆ ತೆಗೆದುಕೊಂಡು, ಮೇ ತಿಂಗಳಲ್ಲಿ ಬುಲ್ಡೋಜರ್ ಹಾಯಿಸಿ ಗೋಡೆ ಕೆಡವಿದ ಮೇಲೆ, ಯಾರ್‍ಯಾರಿಗೆ ನವಗ್ರಾಮದಲ್ಲಿ ಸೈಟು ಅಂತ ಹೇಳುವ ಪಟ್ಟಿ. ಹೊಲ ಇದ್ದವರಿಗೆ ಪರಿಹಾರ ಬೇರೆ. ನಮ್ಮ ಓಣಿಗೆ ಹೊಲವೂ ಇಲ್ಲ, ಮನೆಯ ನೆಲದ ಪಟ್ಟಾ ಕೂಡ ಇಲ್ಲ. ಪೀರ್ ದೇವರ ಇನಾಮು ನೆಲದಲ್ಲಿ ನಮ್ಮ ಮುತ್ತಜ್ಜಂದಿರು ಕಟ್ಟಿದ ಹನ್ನೊಂದು ಮನೆ ಅವು. ಆದ್ದರಿಂದ ನಮಗೆ ಸಿಗಬೇಕಾದ್ದು ಆ ಸೈಟು ಮಾತ್ರ. ಕುಟುಂಬಕ್ಕೆ ಒಂದು.

ಪಟ್ಟಿಯಲ್ಲಿ ಪೀರ್ ಓಣಿಗೆ ಯಜಮಾನ ಅಂತ ಒಂದೇ ಹೆಸರಿದೆ, ನನ್ನ ಗಂಡ ಗಡಿಗೆಪ್ಪನದು. ಕುಟುಂಬದ ಸದಸ್ಯರು: ನಲವತ್ತಮೂರು.

ಮನೆ ಎಣಿಸಲು ಬಂದಿದ್ದ ಆ ಗುಮಾಸ್ತನ ಕಣ್ಣಲ್ಲಿ ಏನು ಬಿದ್ದಿತ್ತೋ! ಹನ್ನೊಂದು ಬಾಗಿಲು ಕಾಣಲಿಲ್ಲವೇ ಆ ಕುರುಡನಿಗೆ? ಪಕ್ಕದ ಮನೆಯ ಹೀರಾಬಿ, ಎಪ್ಪತ್ತು ವರ್ಷದ ಬಳೆಗಾರ್ತಿ, ನನ್ನ ಗಂಡನ ತಾಯಿಯಂತೆ. ಓಣಿಯ ತುದಿಯ ದುರುಗಮ್ಮ ನಾದಿನಿಯಂತೆ. ನಮ್ಮ ಮನೆಯವರು ಪಟ್ಟಿ ಓದಿಸಿಕೊಂಡು, “ನಮ್ಮವ್ವ ಸತ್ತು ಹದಿನೈದು ವರ್ಷ ಆತು, ಸರಕಾರ ಮತ್ತೊಬ್ಬಾಕೀನ್ನ ಕೊಟ್ಟದ ನೋಡು” ಅಂದರು. ನಾಲ್ಕು ಮಂದಿ ನಕ್ಕರು. ನನಗೆ ನಗು ಬರಲಿಲ್ಲ.

ದುರುಗಮ್ಮ ಸಂಜೆ ಬಂದಿದ್ದಳು. ಜೋಪಡಿಯ ಹೊರಗೆ ಕೂತಳು. ಅವಳ ಲೋಟ ಬೇರೆ ಇಟ್ಟಿದ್ದೇನೆ, ಅದರಲ್ಲಿ ಚಹಾ ಕೊಟ್ಟೆ. “ಅಕ್ಕಾ, ನನಗ ಸೈಟು ಇಲ್ಲಂದ್ರ ಈ ಮೂರು ಕೂಸು ಕಟಗೊಂಡು ಎಲ್ಲಿ ಹೋಗ್ಲಿ?” ಅಂದಳು. ಬರೆಯೋಣ ಬಿಡು ಅಂದೆ. ಇನ್ನೇನು ಅನ್ನಲಿ?

೧೭ ಜೂನ್, ಮಾನ್ವಿ

ಕಾಲುವೆ ದಂಡೆ ನಮ್ಮ ವಾಸ. ಹಿಂದೆ ಅಕ್ಕಿ ಗಿರಣಿ, ಮುಂದೆ ನೀರು. ಇವರಿಗೂ ಓಣಿಯ ಗಂಡಸರಿಗೂ ಗಿರಣಿಯಲ್ಲಿ ಹಮಾಲಿ ಸಿಗುತ್ತದೆಂದು ಹನ್ನೊಂದು ಮನೆಯವರೂ ಇಲ್ಲಿ ಬಂದು ಬಿದ್ದಿದ್ದೇವೆ. ದಿನಾ ಹೊಟ್ಟಿನ ಧೂಳು ತಲೆ ಮೇಲೆ. ಪೇಟೆಯ ಮಂದಿ ನಮಗೆ ‘ಕೆರಿಯವರು’ ಅಂತ ಹೆಸರಿಟ್ಟಿದ್ದಾರೆ. ಊರು ಕಳೆದುಕೊಂಡವರಿಗೆ ಊರು ನುಂಗುವ ಕೆರೆಯ ಹೆಸರು.

ಒಂದೇ ಮನೆ ಅಂತ ಹೇಗೆ ಬರೆದ ಅನ್ನುವುದು ಗೊತ್ತಾಯಿತು. ಫಾರಂನಲ್ಲಿ ಅಚ್ಚಾಗಿದೆಯಂತೆ: ಒಂದೇ ಕಡೆ ಅಡಿಗೆ ಮಾಡಿ ಉಣ್ಣುವವರು ಒಂದು ಕುಟುಂಬ. ಆ ಪುಣ್ಯಾತ್ಮ ಬಂದದ್ದು ಹೋದ ನವೆಂಬರ್, ಮೊಹರಂ ಕೊನೆಯ ದಿನ. ವರ್ಷದಲ್ಲಿ ಅದೊಂದು ದಿನ ನಮ್ಮ ಓಣಿಯಲ್ಲಿ ಯಾರ ಮನೆಯ ಒಲೆಯೂ ಉರಿಯುವುದಿಲ್ಲ. ಪಾಳಿ ಪ್ರಕಾರ ಒಬ್ಬರ ಅಂಗಳದಲ್ಲಿ ಒಂದೇ ಒಲೆ ಹೂಡುತ್ತೇವೆ. ಹನ್ನೊಂದು ಮನೆಯ ಅಕ್ಕಿ, ಬೆಲ್ಲ ಎಲ್ಲ ಅಲ್ಲೇ ಬೇಯುತ್ತದೆ. ತುರುಕರು, ಲಿಂಗವಂತರು, ಕುರುಬರು, ದುರುಗಮ್ಮನ ಮಂದಿ ಎಲ್ಲರೂ ಒಂದೇ ಸಾಲಲ್ಲಿ ಕೂತು ಉಣ್ಣುತ್ತಾರೆ. ನಮ್ಮ ಅಜ್ಜಂದಿರ ಕಾಲದಿಂದ ಹೀಗೇ. ಮರುದಿನ ಅವರವರ ಒಲೆ, ಅವರವರ ಜಾತಿ.

ಆ ವರ್ಷ ಪಾಳಿ ನನ್ನದಿತ್ತು. ಅದಕ್ಕೇ ನನ್ನ ಗಂಡ ನಲವತ್ತಮೂರು ಮಂದಿಯ ಯಜಮಾನನಾದ.

ಮುನ್ನೂರ ಅರವತ್ತೈದು ದಿನದಲ್ಲಿ ಆ ಒಂದು ದಿನವೇ ಬರಬೇಕೇ ಇವನು! ಬಂದವನು ಬೆಲ್ಲದ ಮಾಲಿದಿ ತಿಂದು, ಎರಡನೇ ಸಲ ಹಾಕಿಸಿಕೊಂಡು, ಕೈ ತೊಳೆದು ಬರೆದುಕೊಂಡು ಹೋದ. ತಿಂದ ಅನ್ನದ ಋಣವಾದರೂ ಬೇಡವೇ?

೨೮ ಜೂನ್

ದೇವದುರ್ಗಕ್ಕೆ ಹೋಗಿ ಬಂದೆ. ಹೀರಾಬಿಯೂ ಬಂದಿದ್ದಳು. ಆಫೀಸಿನಲ್ಲಿ ಹನ್ನೊಂದರಿಂದ ಮೂರರ ತನಕ ನಿಲ್ಲಿಸಿದರು. ಮುದುಕಿ ಗೋಡೆ ಹಿಡಿದು ನಿಂತಿದ್ದಳು. ಬೆಂಚು ಖಾಲಿಯಿತ್ತು. ಕೂತುಕೋ ಅಂದೆ. “ಬ್ಯಾಡ ಬೇಟಿ, ಕುಂತ್ರ ಸಿಟ್ಟಾಗ್ತಾರ” ಅಂದಳು. ನಾನು ಅವಳ ರಟ್ಟೆ ಹಿಡಿದು ಕೂರಿಸಿದೆ.

ಮೇಜಿನ ಹಿಂದಿನವನಿಗೆ ಕನ್ನಡಕ ಇತ್ತು, ಕಿವಿ ಇರಲಿಲ್ಲ.

“ನಿಮ್ಮ ಹೆಸರಿಗಿ ಸೈಟು ಬಂದದಲ್ಲಮ್ಮ. ಮತ್ಯಾಕ ಅಡ್ಡಾಡಾಕತ್ತೀರಿ?”

“ನನಗ ಬಂದದ್ರಿ. ಉಳಿದ ಹತ್ತು ಮನಿಯವ್ರಿಗಿ?”

“ಅವ್ರು ನಿಮ್ಮ ಕುಟುಂಬದಾಗ ಅದಾರ.”

“ಈಕಿ ಹೀರಾಬಿ, ನಾ ಬಸವಂತಮ್ಮ. ನಾವು ಹೆಂಗ್ರೀ ಒಂದ ಕುಟುಂಬ?”

“ಅದನ್ನ ಎಣಿಕಿ ಮಾಡುಮುಂದ ಹೇಳಬೇಕಾಗಿತ್ತು.”

ಆ ಮಾತು ಅಲ್ಲೇ ಬಿಟ್ಟೆ. ಬೇರೆ ಕಡೆಯಿಂದ ಹಿಡಿದೆ. ಮನೆ ಕಳೆದುಕೊಂಡವರಿಗೆ ಯಾವುದಾದರೂ ಕಾಯ್ದೆ ಇರಬೇಕಲ್ಲ, ಅದನ್ನಾದರೂ ತೋರಿಸ್ರಿ ಅಂದೆ. ಅವನು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. “ನೆಲ ಇದ್ದವ್ರಿಗಿ ಭೂಸ್ವಾಧೀನ ಕಾಯ್ದಿ ಅದ. ಹೊರದೇಶದಿಂದ ಬಂದವ್ರಿಗಿ ಬ್ಯಾರೆ ಇಲಾಖೆನ ಅದ. ದೇಶದಾಗ ಇದ್ದು, ನೆಲ ಇಲ್ದ, ಮನಿ ಅಷ್ಟ ಹೋದವ್ರಿಗಿ ಅಂತ ಕಾಯ್ದಿ ಇಲ್ಲಮ್ಮ. ಸೈಟು ಕೊಡೋದು ಸರಕಾರದ ದಯಾ.”

ಬಾಯಿ ತಡೆಯಲಿಲ್ಲ. “ಹಂಗಾದ್ರ ಗಡಿ ದಾಟಿ ಹೋಗಿ, ತಿರುಗಿ ಬರಬೇಕಾಗಿತ್ತೇನ್ರಿ ನಾವು?” ಅಂದೆ. ಜವಾನ ಹೊರಗೆ ಕಳಿಸಿದ.

ಸಿಂಧನೂರು ಕಡೆ ಬಂಗಾಲಿಯವರ ಕ್ಯಾಂಪುಗಳಿವೆ. ಊರು ಬಿಟ್ಟು ದೇಶ ದಾಟಿ ಬಂದವರು, ಅವರ ಗೋಳು ನನ್ನದಕ್ಕಿಂತ ದೊಡ್ಡದು. ಅವರಿಗೆ ಕೊಟ್ಟದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ, ನೂರು ವರ್ಷ ಬಾಳಲಿ. ನನಗೆ ಉರಿಯುವುದು ಬೇರೆ ವಿಷಯಕ್ಕೆ. ಅವರಿಗೆ ಒಂದು ಹೆಸರಿದೆ, ಆ ಹೆಸರಿಗೆ ಒಂದು ಕಾಗದವಿದೆ. ನಾವು ನಮ್ಮ ದೇಶದಲ್ಲೇ, ನಮ್ಮ ಜಿಲ್ಲೆಯಲ್ಲೇ ಬೀದಿಗೆ ಬಿದ್ದಿದ್ದೇವೆ, ನಮಗೆ ಹೆಸರೇ ಇಲ್ಲ. ದಯೆಯಂತೆ! ನನ್ನ ಮನೆ ಕೆಡವಿದ್ದು ಯಾರ ದಯೆ?

೯ ಜುಲೈ

ಮಳೆ. ದುರುಗಮ್ಮನ ಜೋಪಡಿ ಬಿತ್ತು. ಅವಳೂ ಮಕ್ಕಳೂ ಇಲ್ಲೇ ಇದ್ದಾರೆ. ಸಣ್ಣದಕ್ಕೆ ಜ್ವರ. ನನ್ನ ಹಳೆಯ ಕೌದಿಯಲ್ಲಿ ಸುತ್ತಿ ತೊಡೆಯ ಮೇಲೆ ಹಾಕಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಬರುತ್ತಿವೆ.

ರೇಷನ್ ಅಂಗಡಿಯವನು ಜಾಲಿಗುಂಡದ ಕಾರ್ಡು ಇಲ್ಲಿ ನಡೆಯುವುದಿಲ್ಲ ಅಂದ. ಆ ಊರಲ್ಲೇ ತಗೋರಿ ಅಂದ. ಊರು ಇಲ್ಲಪ್ಪ ಅಂದರೆ, ಹಾಗಾದರೆ ಕಾರ್ಡೂ ಇಲ್ಲ ಅಂದ. ಅವನ ಮುಖಕ್ಕೆ ಕಾರ್ಡು ಎಸೆದು ಬಂದೆ. ಆಮೇಲೆ ತಿರುಗಿ ಹೋಗಿ ಆರಿಸಿಕೊಂಡೆ.

೧೨ ಜುಲೈ

ಜ್ವರ ಇಳಿಯಿತು.

೨೫ ಜುಲೈ

ಇವರು ಗಿರಣಿಯಿಂದ ಬರುವಾಗ ಸುದ್ದಿ ತಂದರು. ಸೆಪ್ಟೆಂಬರ್ ಎರಡಕ್ಕೆ ನವಗ್ರಾಮದ ಹಕ್ಕುಪತ್ರ ಹಂಚುತ್ತಾರೆ. ನಮ್ಮದೂ ಇದೆ. “ನಮ್ಮ ಜಗಾ ಮೂಲಿಯದಂತ, ಎರಡೂ ಕಡೆ ರಸ್ತೆ” ಅಂತ ಮಗುವಿನ ಹಾಗೆ ಖುಷಿಪಟ್ಟರು. ನಾನೂ ಪಟ್ಟೆ, ಸುಳ್ಳು ಯಾಕೆ ಬರೆಯಲಿ? ಎಲ್ಲಿ ಬಾಗಿಲು, ಎಲ್ಲಿ ಹೊಲಿಗೆ ಮಷಿನ್ನು ಅಂತ ಯೋಚಿಸುತ್ತ ಕೂತೆ. ಆ ಹೊತ್ತಿಗೆ ಹೀರಾಬಿ ರೊಟ್ಟಿ ಹಿಡಿದುಕೊಂಡು ಒಳಗೆ ಬಂದಳು, ಮಾತು ನಿಲ್ಲಿಸಿದೆವು.

ಇಲ್ಲಿ ಬರೆದುಬಿಡುತ್ತೇನೆ. ಒಂದೂವರೆ ತಿಂಗಳಿಂದ ಗುಮಾಸ್ತನನ್ನು ಬಯ್ದು ಬಯ್ದು ನಾಲಿಗೆ ಸವೆದಿದೆ. ಆ ದಿನ ಅವನು ಕೇಳಿದ್ದ: “ಎಲ್ಲಾರೂ ಇಲ್ಲೇ ಉಣತೀರೇನು?” ಕೇಳಿದ್ದು ನನ್ನನ್ನು. ಕೈಯಲ್ಲಿ ಸೌಟು ಹಿಡಿದು ಸೊಕ್ಕಿನಿಂದ ಹೇಳಿದೆ: “ಹೌದ್ರೀ, ಪೀರ್ ಓಣಿ ಅಂದ್ರ ಒಂದ ಮನಿ. ನಾವ್ಯಾರೂ ಬ್ಯಾರೆ ಅಲ್ಲ.” ಅವನು ಫಾರಂ ಮುಂದೆ ಹಿಡಿದು, ಓದು ಬಲ್ಲವರು ಯಾರಾದರೂ ಸಹಿ ಮಾಡ್ರಿ ಅಂದ. ನಾನೇ ಮಾಡಿದೆ. ಸೆರಗಿಗೆ ಕೈ ಒರೆಸಿಕೊಂಡು, ಎಲ್ಲರೂ ನೋಡಲಿ ಅಂತ ನಿಧಾನಕ್ಕೆ ಮಾಡಿದೆ. ಓದಿ ನೋಡಲಿಲ್ಲ. ಮುಲ್ಕಿ ಪಾಸಾದವಳು, ಓದಿ ನೋಡಲಿಲ್ಲ!

ಅದು ಯಾವ ಕಾಗದದ ಸಹಿ ಅಂತ ಓದು ಬಾರದ ಓಣಿಗೆ ತಿಳಿದಿಲ್ಲ ಅಂದುಕೊಂಡಿದ್ದೇನೆ. ಇವರಿಗೂ ಹೇಳಿಲ್ಲ.

೩ ಆಗಸ್ಟ್, ರಾಯಚೂರು

ಹೀರಾಬಿಯ ತಂಗಿಯ ಮನೆಯಲ್ಲಿ ಇದ್ದೇವೆ. ನಾಳೆ ಬೆಳಿಗ್ಗೆ ಮಾನ್ವಿ ಬಸ್ಸು. ಇವತ್ತು ವಕೀಲರನ್ನು ಕಂಡೆವು. ಇಮಾಮಹುಸೇನ ಅಂತ ಹೆಸರು, ಹೀರಾಬಿಯ ತಂಗಿಗೆ ಪರಿಚಯ, ಅವಳ ಮುಖ ನೋಡಿ ಕೇಸು ಹಿಡಿದಿದ್ದಾರೆ. ವಯಸ್ಸಾದವರು. ನಮ್ಮ ಮಾತು ಮುಗಿಯುವ ತನಕ ಕೇಳಿದ ಮೊದಲ ಓದಿದ ಮನುಷ್ಯ.

ಫಾರಂನ ನಕಲು ತರಿಸಿದ್ದರು. ಬೆಳಕಿಗೆ ಹಿಡಿದು ನೋಡಿದರು. “ಕೆಳಗ ಒಂದು ಸಹಿ ಅದ. ನಕಲಿನಾಗ ಮಸಿ ಹರಡ್ಯದ, ಹೆಸರು ಓದಾಕ ಬರವಲ್ದು. ನಿಮ್ಮ ಓಣಿಯವ್ರದ ಇರಬೇಕು. ಆ ಮನುಷ್ಯಾ ಬಂದು, ನಾ ಹೇಳಿದ್ದು ತಪ್ಪು, ಅದು ಹಬ್ಬದ ಊಟ ಅಂತ ಪ್ರಮಾಣ ಮಾಡಿ ಹೇಳಿದ್ರ ಪಟ್ಟಿ ಬಿದ್ದುಹೋಗತದ. ಮತ್ತ ಎಣಿಸಬೇಕಾಗತದ. ಬ್ಯಾರೆ ಕಾಯ್ದಿ ಆಸರ ನಮಗ ಇಲ್ಲ.”

“ಪಟ್ಟಿ ಬಿದ್ರ, ಈಗ ಸೈಟು ಬಂದವ್ರದು?” ಅಂತ ಕೇಳಿದೆ. ನನ್ನ ಧ್ವನಿ ನನಗೇ ಬೇರೆ ಕೇಳಿಸಿತು.

“ಅದೂ ನಿಲ್ಲತದವ್ವಾ. ತಿರುಗಿ ಬರತದೋ ಇಲ್ಲೋ, ನಾ ಖಾತ್ರಿ ಕೊಡಲಾರೆ.”

ಹೀರಾಬಿ ನನ್ನ ಪಕ್ಕದಲ್ಲೇ ಕೂತಿದ್ದಳು. ನೆಲ ನೋಡುತ್ತಿದ್ದಳು. “ಯಾರದೋ ಏನೋ, ನೆನಪಿಲ್ರೀ” ಅಂದಳು. ನಾನು ಬಾಯಿ ಮುಚ್ಚಿಕೊಂಡು ಕೂತೆ.

೪ ಆಗಸ್ಟ್, ಮಾನ್ವಿ

ಇವರಿಗೆ ಹೇಳಿದೆ. “ಸಹಿ ನಿಂದಂತ ಆಫೀಸಿನಾಗ ಯಾರಿಗೂ ಗೊತ್ತಿಲ್ಲಲ್ಲ, ಬಿಡು. ಹನ್ನೊಂದು ಮನಿ ಬೀದಿಪಾಲಾಗೋದಕ್ಕಿಂತ ಒಂದರ ಉಳೀಲಿ. ನಮ್ಮ ಜಗಾದಾಗ ಹೀರಾಬಿಗಿ ಒಂದು ಖೋಲಿ ಹಾಕಿಕೊಡೋಣು” ಅಂದರು. ಕೆಟ್ಟ ಮನುಷ್ಯನಲ್ಲ. ಚೀಲ ಹೊತ್ತು ಹೊತ್ತು ಬೆನ್ನು ಬಾಗಿದೆ, ಒಂದು ಗೋಡೆಗೆ ಒರಗಬೇಕು ಅನ್ನುವ ಆಸೆ ತಪ್ಪೇ?

“ಮತ್ತ ದುರುಗಮ್ಮಗ?” ಅಂದೆ. “ಆಕಿಗೂ ಒಂದು” ಅಂದರು. “ಉಳಿದ ಎಂಟು ಮನಿಗಿ?” ಇವರು ಎದ್ದು ಹೊರಗೆ ಹೋದರು. ಒಬ್ಬ ಬಡವನಿಗೆ ಸೂರು ಕೊಟ್ಟು ಅದನ್ನೇ ಅವನ ಬಾಯಿಗೆ ತುರುಕಿ ಮಾತು ನಿಲ್ಲಿಸುವ ಈ ಸರಕಾರದ ಜಾಣತನಕ್ಕೆ ಬೆಂಕಿ ಬೀಳಲಿ.

೧೬ ಆಗಸ್ಟ್

ಕಾಲುವೆಯ ಜಮೇದಾರ ಬಂದಿದ್ದ. ದಂಡೆ ಸರಕಾರದ್ದು, ತಿಂಗಳ ಕೊನೆಗೆ ಖಾಲಿ ಮಾಡಬೇಕಂತೆ. “ಅತಿಕ್ರಮಣ ಮಾಡೀರಿ” ಅಂದ. ಮುತ್ತಜ್ಜನ ಮನೆಯಲ್ಲಿ ಇದ್ದಾಗ ಪಟ್ಟಾ ಇಲ್ಲದವರು, ಇಲ್ಲಿ ಅತಿಕ್ರಮಣದವರು. ಯಾವ ನೆಲದ ಮೇಲೆ ನಿಂತರೆ ನಾವು ಬರೀ ಮನುಷ್ಯರು ಅಂತ ಕೇಳಿದೆ. ಅವನು ಬೀಡಿ ಹಚ್ಚಿಕೊಂಡು ಹೋದ.

ದುರುಗಮ್ಮ ರೊಟ್ಟಿ ಬಡಿಯುತ್ತಿದ್ದಳು. “ಅಕ್ಕಾ, ಉಂಡು ಬೈಯ್ರಿ. ಹಸದು ಬೈದ್ರ ಗಂಟಲ ಒಣಗತದ” ಅಂದಳು. ನಾಲ್ಕು ರೊಟ್ಟಿ ತಿಂದೆ.

ಜಾಲಿಗುಂಡದ ಮೇಲೆ ನೀರು ನಿಂತಿದೆಯಂತೆ. ಪೀರ್ ದೇವರ ಗುಡಿ ಕಟ್ಟೆಯೂ ಕಾಣುವುದಿಲ್ಲವಂತೆ. ಗಂಡಸರು ನೋಡಲು ಹೋಗಿದ್ದರು. ನಾನು ಹೋಗಲಿಲ್ಲ.

೨೩ ಆಗಸ್ಟ್, ರಾಯಚೂರು

ವಕೀಲರು ಹಾಕಿದ ತಕರಾರಿನ ವಿಚಾರಣೆ ಆಯಿತು. ಎಲ್ಲವನ್ನೂ ಇವತ್ತೇ ಬರೆಯಬೇಕು, ನಾಳೆಗೆ ಸಿಟ್ಟು ಬೇರೆ ಆಕಾರ ತೆಗೆದುಕೊಳ್ಳುತ್ತದೆ.

ಹನ್ನೊಂದು ಮನೆಯಿಂದ ಒಬ್ಬೊಬ್ಬರಾದರೂ ಬಂದಿದ್ದರು. ಸೈಟು ತೀರ್ಮಾನಿಸುವ ಸಾಹೇಬ ನಡುವಯಸ್ಸಿನವನು, ಮೆತ್ತಗೆ ಮಾತಾಡುತ್ತಾನೆ. ವಕೀಲರು ಹಬ್ಬದ ಊಟದ ಮಾತು ಹೇಳಿದರು. “ಅದಕ್ಕ ಸಾಕ್ಷಿ ಏನದ? ಸಹಿ ಮಾಡಿದವರು ಯಾರು?” ಅಂತ ಸಾಹೇಬ ಕೇಳಿದ. ವಕೀಲರು ನಮ್ಮ ಕಡೆ ತಿರುಗಿದರು. ಇವರು ನನ್ನ ಸೆರಗು ಹಿಡಿದಿದ್ದರು. ಬಿಡಿಸಿಕೊಂಡು ಎದ್ದೆ.

“ನಂದ್ರೀ ಸಹಿ. ಎಲ್ಲಾರೂ ಒಂದ ಮನಿ ಅಂತ ಹೇಳಿದಾಕಿ ನಾ. ಓದಲಾರ್ದ ಸಹಿ ಮಾಡಿದೆ. ಅದು ಮೊಹರಂ ಊಟ. ಮನಿ ಹನ್ನೊಂದು, ಒಲಿ ಹನ್ನೊಂದು.”

ಹಿಂದೆ ತಿರುಗಿ ನೋಡುವ ಧೈರ್ಯ ಇರಲಿಲ್ಲ. ಯಾರಾದರೂ ಉಗುಳಲಿ ಅಂತ ಕಾಯುತ್ತ ನಿಂತೆ. ಸಾಹೇಬ ಹೀರಾಬಿಯನ್ನು ಕರೆದ. “ಈ ಸಹಿ ಈಕೀದು ಅಂತ ನಿನಗ ಗೊತ್ತಿತ್ತೇನಮ್ಮ?”

“ಗೊತ್ತಿತ್ರೀ. ಸಹಿ ಮಾಡುಮುಂದ ನಾ ಬಾಜೂಕ ಇದ್ದೆ. ದುರುಗಿಗೂ ಗೊತ್ತದ. ಓಣಿಗೆಲ್ಲಾ ಗೊತ್ತದ.”

“ಮತ್ಯಾಕ ಹೇಳಲಿಲ್ಲ?”

“ಹೇಳಿದ್ರ ಆಕೀ ಸೈಟೂ ಹೋಗ್ತಿತ್ತಲ್ರೀ. ನಮಗಂತೂ ಇಲ್ಲ, ಒಬ್ಬಾಕಿಗರ ಇರ್ಲಿ ಅಂತ ಎಲ್ಲಾರೂ ಮಾತಾಡಿಕೊಂಡು ಸುಮ್ಮನಿದ್ವಿ.” ಆಮೇಲೆ ನನ್ನ ಕಡೆ ತಿರುಗಿ, “ಹುಚ್ಚಿ! ಎಲ್ಲಾ ಹಾಳು ಮಾಡಿದಿ” ಅಂದಳು.

ನಾನು ಅಲ್ಲೇ ನೆಲಕ್ಕೆ ಕೂತು ಅತ್ತೆ. ಎರಡು ತಿಂಗಳು ಇವರೆಲ್ಲ ನನ್ನ ಮುಖ ನೋಡುತ್ತ, ನನ್ನ ಕೈಲೇ ಅರ್ಜಿ ಬರೆಸುತ್ತ, ಗುಮಾಸ್ತನನ್ನು ನಾನು ಬಯ್ಯುವುದನ್ನು ಕೇಳುತ್ತ ಸುಮ್ಮನಿದ್ದರು.

ಸಾಹೇಬ ಪೆನ್ನು ಕೆಳಗಿಟ್ಟ. ನಕ್ಕ. ಆ ನಗುವನ್ನು ಸಾಯುವ ತನಕ ಮರೆಯುವುದಿಲ್ಲ. “ನೋಡ್ರಿ ವಕೀಲ್ರೆ, ಕೂಡಿ ಉಣತಾರ, ಕೂಡಿ ಮಾತಾಡತಾರ, ಒಬ್ಬರ ಸಲುವಾಗಿ ಒಬ್ಬರು ಸುಳ್ಳು ಹೇಳತಾರ. ಇವ್ರು ಒಂದ ಕುಟುಂಬ ಅಲ್ಲ ಅಂತ ನಾ ಹೆಂಗ ನಂಬ್ಲಿ?”

ನಾನು ಎದ್ದು ನಿಂತೆ. “ಕೂಡಿ ಉಂಡದ್ದ ತಪ್ಪೇನ್ರಿ? ಬಡದಾಡಿಕೊಂಡು ಇದ್ದಿದ್ರ ಹನ್ನೊಂದು ಸೈಟು ಕೊಡ್ತಿದ್ರಿ, ಒಂದಾಗಿದ್ದಕ್ಕ ಒಂದು ಕೊಡ್ತೀರಿ. ಇದು ಯಾವ ಊರಿನ ನ್ಯಾಯ?” ಜವಾನ ಬಂದ. ವಕೀಲರು ಕೈ ಅಡ್ಡ ಹಿಡಿದರು, ಬಾಯಿ ಮಾತ್ರ ಮುಚ್ಚಿಸಲಿಲ್ಲ.

ಕೊನೆಗೆ ಆದ ಆದೇಶ ಇದು. ಗಡಿಗೆಪ್ಪನ ಸೈಟು ತಡೆಹಿಡಿಯಲಾಗಿದೆ. ಸ್ಥಳಕ್ಕೆ ಹೋಗಿ ಮನೆ ಎಣಿಸಲು ಸ್ಥಳ ನೀರಿನಡಿ ಇದೆ. ಆದ್ದರಿಂದ ಹನ್ನೊಂದು ಮನೆಯವರೂ ಬೇರೆ ಬೇರೆ ಪ್ರಮಾಣಪತ್ರ ಕೊಡಬೇಕು. ಉಳಿದ ಹತ್ತು ಕುಟುಂಬಗಳ ಜೊತೆ ತನಗೆ ಯಾವ ಸಂಬಂಧವೂ ಇಲ್ಲ, ಅನ್ನ ನೀರಿನ ಬಳಕೆ ಇಲ್ಲ ಅಂತ. ಎಂಟು ದಿನದೊಳಗೆ. ಕೊಟ್ಟರೆ ಹನ್ನೊಂದು ಸೈಟು ಪರಿಶೀಲಿಸುತ್ತಾರೆ.

“ಇದು ಗೆಲುವವ್ವಾ” ಅಂದರು ವಕೀಲರು, ಹೊರಗೆ ಬಂದ ಮೇಲೆ. ಅವರ ಮುಖದಲ್ಲಿ ಗೆಲುವು ಇರಲಿಲ್ಲ.

೨೪ ಆಗಸ್ಟ್

ಇವರು ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಮಾನ್ವಿಯಲ್ಲಿ ಇಳಿದು, ನನ್ನ ಕೈಯಿಂದ ಚೀಲ ತೆಗೆದುಕೊಂಡು ತಾವೇ ಹೊತ್ತರು.

೨೯ ಆಗಸ್ಟ್, ಮಾನ್ವಿ

ಛಾಪಾ ಕಾಗದ ಬಂದಿವೆ. ಮಾತು ವಕೀಲರು ಹೇಳಿಕೊಟ್ಟದ್ದು, ಅಕ್ಷರ ನನ್ನದು. ಬೆಳಿಗ್ಗೆಯಿಂದ ಇದೇ ಕೆಲಸ. “ಸದರಿ ಓಣಿಯ ಉಳಿದ ಹತ್ತು ಕುಟುಂಬಗಳಿಗೂ ನನಗೂ ಯಾವುದೇ ಸಂಬಂಧವಿರುವುದಿಲ್ಲ. ಅವರೊಂದಿಗೆ ನನ್ನ ಅನ್ನ ನೀರಿನ ಬಳಕೆ ಇರುವುದಿಲ್ಲ.” ಈ ಸಲ ಪ್ರತಿಯೊಂದನ್ನೂ ಓದಿ ಹೇಳಿ, ಅರ್ಥವಾಯಿತೇ ಅಂತ ಕೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿದೆ.

ದುರುಗಮ್ಮ ಕೇಳಿಸಿಕೊಂಡು ಗಲ್ಲಕ್ಕೆ ಕೈಯಿಟ್ಟಳು. “ಅಕ್ಕಾ, ಇದನ್ನ ಹೋದ ವರ್ಷ ಬರಕೊಟ್ಟಿದ್ರ ಖರೇನ ಇರ್ತಿತ್ತಲ್ಲಾ?” ಅಂದಳು. ನಾನು ಶಾಯಿ ಆರಿಸುತ್ತ ಕೂತೆ. ಅವಳೇ ನಕ್ಕು, ನನ್ನ ಲೋಟದಲ್ಲಿ ಉಳಿದಿದ್ದ ಚಹಾ ಕುಡಿದು ಹೋದಳು.

ಹೀರಾಬಿ ಕೊನೆಗೆ ಬಂದಳು. ಓದಿ ಹೇಳಿದೆ. “ಇನ್ನೊಮ್ಮೆ ಓದು” ಅಂದಳು. ಓದಿದೆ. “ಅಂದ್ರ ನೀ ನನಗ ಯಾರೂ ಅಲ್ಲ, ನಾ ನಿನಗ ಯಾರೂ ಅಲ್ಲ. ಹೌದಲ್ಲ?”

“ಹೌದವ್ವಾ.”

“ಇದನ್ನ ಬರದುಕೊಟ್ರ ಮನಿ ಕೊಡ್ತಾರ?”

“ಕೊಡಬೌದು ಅಂದಾರ.”

ಮುದುಕಿ ಕಾಗದ ಹಿಂದೆ ಮುಂದೆ ತಿರುವಿ ನೋಡಿದಳು. “ಯಾ ಅಲ್ಲಾ, ಎಂಥಾ ಮಂದಿನೋ” ಅಂದಳು. ಆಮೇಲೆ ಕೈ ಮುಂದೆ ಮಾಡಿದಳು. ಅವಳ ಹೆಬ್ಬೆರಳು ನಾನೇ ಹಿಡಿದು ಒತ್ತಿದೆ.

ನಮ್ಮ ಮನೆಯದನ್ನೂ ಬರೆದೆ. ಇವರು ಹೆಬ್ಬೆಟ್ಟು ಒತ್ತಿದರು, ಪಕ್ಕದಲ್ಲಿ ಸಾಕ್ಷಿಯಾಗಿ ನಾನು ಸಹಿ ಹಾಕಿದೆ. ದುರುಗಮ್ಮ ಎಲ್ಲರಿಗೂ ಸೇರಿಸಿ ರೊಟ್ಟಿ ಕಟ್ಟುತ್ತಿದ್ದಾಳೆ. ನಾಳೆ ಮೊದಲ ಬಸ್ಸಿಗೆ ನಾವು ಹನ್ನೊಂದು ಮನೆಯವರೂ ಕೂಡಿ ರಾಯಚೂರಿಗೆ ಹೋಗಿ, ನಾವು ಯಾರೂ ಯಾರಿಗೂ ಏನೂ ಅಲ್ಲವೆಂದು ಬರೆದುಕೊಟ್ಟು ಬರುತ್ತೇವೆ.